ಐದು ವಾರ ಏನೂ ಕಾಣಲಿಲ್ಲ, ಫಾರ್ಮ್ ಕಳಿಸಲಿಲ್ಲ. ಇದು ಅಷ್ಟು ದೊಡ್ಡ ತಪ್ಪಾ?

ಮಂಜುಹಾದಿ:
ಈ ವಸಂತದಲ್ಲಿ ಮೊದಲ ಸಲ ಒಂದು ಸಂರಕ್ಷಿತ ಪ್ರದೇಶದಲ್ಲಿ ಸ್ವಯಂಸೇವಕನಾಗಿ ಸೇರಿಕೊಂಡೆ. ನನಗೆ ಕೊಟ್ಟಿದ್ದು ಹೊಳೆಯ ಪಕ್ಕದ ಎರಡು ಕಿಲೋಮೀಟರ್ ಹಾದಿ. ನೂರು ಮೀಟರಿಗೊಂದರಂತೆ 20 ಜಾಗ ಗುರುತು ಮಾಡಿದ್ದಾರೆ. ಪ್ರತಿ ಜಾಗದಲ್ಲೂ ನಿಂತು, ಸುತ್ತಲಿನ ಬಂಡೆ, ಮರಳು, ಬೇರು ಎಲ್ಲ ನೋಡಿ ನೀರುನಾಯಿಯ ಹಿಕ್ಕೆ ಅಥವಾ ಹೆಜ್ಜೆ ಇದೆಯಾ ಅಂತ ಬರೆಯಬೇಕು. ವಾರಕ್ಕೊಂದು ಸಲ, ಬೆಳಕು ಹರಿದ ಮೇಲೆ.

ಮೊದಲ ವಾರವೇ ಏಳನೇ ಜಾಗದ ಚಪ್ಪಟೆ ಬಂಡೆ ಮೇಲೆ ಹಿಕ್ಕೆ ಸಿಕ್ಕಿತು. ಒಣಗಿ ಬೂದು ಬಣ್ಣಕ್ಕೆ ತಿರುಗಿತ್ತು, ಒಳಗೆ ಮೀನಿನ ಪೊರೆ ಮಿಂಚುತ್ತಿತ್ತು. ಆ ದಿನ ಎಷ್ಟು ಖುಷಿಯಾಯಿತು ಅಂದರೆ ಮನೆಯವರಿಗೆಲ್ಲ ಹಿಕ್ಕೆಯ ಫೋಟೋ ತೋರಿಸಿ ಬೈಸಿಕೊಂಡೆ.

ಈಗ ವಿಷಯಕ್ಕೆ ಬರುತ್ತೇನೆ. 11 ವಾರ ನಡೆದೆ. ಆರು ವಾರ ಏನಾದರೂ ಸಿಕ್ಕಿತು, ಆರು ಫಾರ್ಮ್ ಕಳಿಸಿದೆ. ಉಳಿದ ಐದು ವಾರ ಏನೂ ಇರಲಿಲ್ಲ. ಇಪ್ಪತ್ತು ಸಲ 'ಇಲ್ಲ' ಅಂತ ಬರೆದು ಏನು ಪ್ರಯೋಜನ ಅಂತ ಸುಮ್ಮನಾದೆ. ನಿನ್ನೆ ಉಸ್ತುವಾರಿ ನೋಡುವವರು ಫೋನ್ ಮಾಡಿ, 'ಐದು ವಾರ ನೀವು ಬರಲೇ ಇಲ್ವಲ್ಲ, ಮುಂದಿನ ಸಲ ಬೇರೆಯವರಿಗೆ ಕೊಡೋಣವಾ?' ಅಂತ ಕೇಳಿದರು. ನನಗೆ ಪಿತ್ತ ನೆತ್ತಿಗೇರಿತು. ಬಂದಿದ್ದೆ, ನಡೆದಿದ್ದೆ, ಜಿಗಣೆಗಳ ಕೈಲಿ ಕಚ್ಚಿಸಿಕೊಂಡಿದ್ದೆ! ಇಲ್ಲದ್ದನ್ನು ಇಲ್ಲ ಅಂತ ಬರೆಯದಿದ್ದರೆ ಅಷ್ಟು ದೊಡ್ಡ ತಪ್ಪಾ? ಈಗ ಆ ಐದೂ ಫಾರ್ಮ್ ತುಂಬಿ ಕಳಿಸಿಬಿಡಲಾ?

ಬೂಟುಮಣ್ಣು:
ಜಿಗಣೆ ಕಚ್ಚಿದ್ದಕ್ಕೆ ಕಾಲಂ ಇಲ್ಲ, ಅದೇ ಸಮಸ್ಯೆ 😄

ಗೂಬೆಕಣ್ಣು:
ಸರ್, ಸಿಟ್ಟು ಅರ್ಥವಾಗುತ್ತೆ. ಆದರೆ ಹೌದು, ತಪ್ಪು ದೊಡ್ಡದೇ. ನಾನು 14 ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಹೊಸಬರಲ್ಲಿ ಹತ್ತಕ್ಕೆ ಏಳೆಂಟು ಮಂದಿ ಮಾಡುವುದು ಇದೇ ತಪ್ಪು. ನಾನೂ ಮಾಡಿದ್ದೆ. ನನ್ನದು ಗೂಬೆ ಎಣಿಕೆ. ರಾತ್ರಿ ಹತ್ತು ಕಡೆ ನಿಂತು ಕೂಗು ಕೇಳಬೇಕಿತ್ತು. ಕೇಳಿಸದ ರಾತ್ರಿಗಳನ್ನು ಬರೆಯಲೇ ಇಲ್ಲ. ವರ್ಷದ ಕೊನೆಗೆ ನನ್ನ ಲೆಕ್ಕ ನೋಡಿದರೆ ಆ ಕಾಡಿನಲ್ಲಿ ಗೂಬೆಗಳಿಗೆ ನಿದ್ದೆಯೇ ಇಲ್ಲ, ನಾನು ಹೋದಾಗಲೆಲ್ಲ ಕೂಗುತ್ತಿದ್ದವು ಅನ್ನಬೇಕು!

ಐದು ಫಾರ್ಮ್ ಈಗ ನೆನಪಿನಿಂದ ತುಂಬಬೇಡಿ. ಅದರ ಬಗ್ಗೆ ಆಮೇಲೆ ಬರೆಯುತ್ತೇನೆ, ಈಗ ಹೊರಡಬೇಕು.

ಲೆಕ್ಕದಮೇಷ್ಟ್ರು:
ನಾನು ಇಂಥ ಫಾರ್ಮ್‌ಗಳನ್ನು ಒಟ್ಟು ಮಾಡುವ ಕಡೆ ಕೂತವನು. ನಿಮ್ಮದೇ ಲೆಕ್ಕ ಹಾಕೋಣ.

ನಿಮ್ಮ ಆರು ಫಾರ್ಮ್ ಮಾತ್ರ ನೋಡಿದವರಿಗೆ ಏನು ಕಾಣುತ್ತೆ? ಆರು ಸಲ ಹೋಗಿದ್ದಾರೆ, ಆರೂ ಸಲ ಗುರುತು ಸಿಕ್ಕಿದೆ. ಆರಕ್ಕೆ ಆರು. ಅಂದರೆ ನೀರುನಾಯಿ ವಾರವಾರವೂ ಆ ಹೊಳೆ ಬಿಟ್ಟು ಕದಲಿಲ್ಲ. ನಿಜ ಏನು? ಹನ್ನೊಂದಕ್ಕೆ ಆರು.

ಈಗ ಮುಂದಿನ ವಸಂತಕ್ಕೆ ಬನ್ನಿ. ನಿಮ್ಮ ಜಾಗಕ್ಕೆ ಬೇರೆಯವರು ಬಂದರು. ಅವರು ಶಿಸ್ತಿನವರು, ಸಿಕ್ಕಿದ್ದು ಸಿಗದ್ದು ಎರಡನ್ನೂ ಬರೆದರು. ಅವರಿಗೂ ಹನ್ನೊಂದಕ್ಕೆ ಆರೇ ಸಿಕ್ಕಿತು ಅಂತಿಟ್ಟುಕೊಳ್ಳಿ. ಹೊಳೆಯಲ್ಲಿ ಏನೂ ಬದಲಾಗಿಲ್ಲ. ಆದರೆ ಕಾಗದದ ಮೇಲೆ ಶೇಕಡಾ 100 ಇದ್ದದ್ದು ಶೇಕಡಾ 55ಕ್ಕೆ ಬಂತು. ಯಾರೋ 'ನೀರುನಾಯಿ ಅರ್ಧ ಕಡಿಮೆಯಾಯಿತು' ಅಂತ ವರದಿ ಬರೆಯುತ್ತಾರೆ. ಇನ್ಯಾರೋ ಅದಕ್ಕೆ ಕಾರಣ ಹುಡುಕುತ್ತಾರೆ. ಕಾರಣ ನೀವು!

ಮಂಜುಹಾದಿ:
ಇದನ್ನು ಹೀಗೆ ಯಾರೂ ಹೇಳಿರಲಿಲ್ಲ. ತರಬೇತಿಯಲ್ಲಿ 'ಎಲ್ಲ ಕಾಲಂ ತುಂಬಿ' ಅಂದರು, ಅಷ್ಟೇ.

ಆದರೂ ಒಂದು ಅನುಮಾನ. ನನಗೆ ಕಾಣಲಿಲ್ಲ ಅಂದ ಮಾತ್ರಕ್ಕೆ ನೀರುನಾಯಿ ಇರಲಿಲ್ಲ ಅಂತಲ್ಲವಲ್ಲ? ಹಾಗಿದ್ದಮೇಲೆ 'ಇಲ್ಲ' ಅಂತ ಬರೆಯುವುದು ಸುಳ್ಳಾಗಲ್ವಾ?

ಲೆಕ್ಕದಮೇಷ್ಟ್ರು:
ಒಳ್ಳೆ ಪ್ರಶ್ನೆ. ಫಾರ್ಮ್‌ನಲ್ಲಿ ನೀವು ಬರೆಯುವುದು 'ನೀರುನಾಯಿ ಇಲ್ಲ' ಅಂತ ಅಲ್ಲ. 'ಇಂಥ ದಿನ, ಇಷ್ಟು ಹೊತ್ತು, ಈ ಜಾಗದಲ್ಲಿ ಹುಡುಕಿದೆ, ನನಗೆ ಸಿಗಲಿಲ್ಲ' ಅಂತ. ಇದು ನೂರಕ್ಕೆ ನೂರು ನಿಜ. ಇದೆಯೋ ಇಲ್ಲವೋ ಅಂತ ತೀರ್ಮಾನ ಮಾಡುವುದು ನಿಮ್ಮ ಕೆಲಸ ಅಲ್ಲ.

ಅದನ್ನು ಹೇಗೆ ತೀರ್ಮಾನ ಮಾಡುತ್ತಾರೆ? ಪ್ರಾಣಿ ಅಲ್ಲಿ ಓಡಾಡುತ್ತಿರುವಾಗ, ಒಂದು ಸಲ ಹೋದರೆ ಗುರುತು ಕಣ್ಣಿಗೆ ಬೀಳುವ ಸಂಭವ 0.3 ಅಂತಿಟ್ಟುಕೊಳ್ಳಿ. ತಪ್ಪಿಹೋಗುವುದು 0.7. ಮೂರು ಸಲ ಹೋದರೂ ಮೂರೂ ಸಲ ತಪ್ಪುವುದು 0.7 × 0.7 × 0.7, ಸುಮಾರು 0.34. ಅಂದರೆ ಮೂರು ಸಲ ಸೊನ್ನೆ ಬಂದರೂ ಪ್ರಾಣಿ ಇಲ್ಲ ಅನ್ನುವ ಹಾಗಿಲ್ಲ. ಎಂಟು ಸಲ ಹೋದರೆ ಎಂಟೂ ಸಲ ತಪ್ಪುವ ಸಂಭವ 0.06ಕ್ಕೆ ಇಳಿಯುತ್ತೆ. ಆಗ ಸೊನ್ನೆಗೆ ಒಂದು ತೂಕ ಬರುತ್ತೆ. ಮೆಕೆಂಝಿ ಅನ್ನುವ ಸಂಶೋಧಕರು ಮತ್ತು ಜೊತೆಗಾರರು 2002ರಲ್ಲಿ ಈ ಲೆಕ್ಕವನ್ನು ಸರಿಯಾದ ಒಂದು ವಿಧಾನವಾಗಿ ಮಾಡಿಕೊಟ್ಟರು. ಈಗ ಹುಲಿಯಿಂದ ಕಪ್ಪೆಯವರೆಗೆ ಎಲ್ಲದಕ್ಕೂ ಬಳಸುತ್ತಾರೆ.

ಆ 0.3 ಎಲ್ಲಿಂದ ಬರುತ್ತೆ ಗೊತ್ತಾ? ಸಿಕ್ಕಿದ ದಿನ, ಸಿಗದ ದಿನ ಎರಡೂ ಒಟ್ಟಿಗೆ ಇದ್ದರೆ ಮಾತ್ರ ಬರುತ್ತೆ. ಸಿಗದ ದಿನ ನೀವು ಎಸೆದರೆ ಲೆಕ್ಕವೇ ನಿಂತುಹೋಗುತ್ತೆ.

ನೆಲಗಪ್ಪೆ:
ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನಾನು ಕಪ್ಪೆ ಮೊಟ್ಟೆ ಎಣಿಸುವವಳು. ವಸಂತದಲ್ಲಿ ನಮ್ಮ ಕೆಲಸ ಪೂರ್ತಿ ಹವೆಯ ಮೇಲೆ ನಿಂತಿರುತ್ತೆ. ಹಿಂದಿನ ರಾತ್ರಿ ಮಳೆ ಬಂದು ಸ್ವಲ್ಪ ಬೆಚ್ಚಗಿದ್ದರೆ ಕುಂಟೆ ತುಂಬ ಕಪ್ಪೆ. ಎರಡು ದಿನ ಒಣ ಗಾಳಿ ಬೀಸಿದರೆ ಅದೇ ಕುಂಟೆ ಸ್ಮಶಾನ. ಕಪ್ಪೆ ಎಲ್ಲೂ ಹೋಗಿರಲ್ಲ, ಹೊರಗೆ ಬಂದಿರಲ್ಲ ಅಷ್ಟೇ.

ಮಂಜುಹಾದಿಯವರೇ, ನಿಮಗೆ ಸಿಗದ ಐದು ವಾರಗಳ ಹಿಂದಿನ ದಿನ ಮಳೆ ಬಂದಿತ್ತಾ? ನೀರುನಾಯಿ ಹಿಕ್ಕೆ ಹಾಕುವುದೇ ನೀರಿನ ಅಂಚಿನ ಬಂಡೆ ಮೇಲೆ. ಹೊಳೆ ಒಂದು ಅಡಿ ಏರಿದರೆ ಎಲ್ಲ ತೊಳೆದುಹೋಗುತ್ತೆ. ಹಾಗಾದರೆ ನಿಮ್ಮ ಸೊನ್ನೆ ನೀರುನಾಯಿಯ ಬಗ್ಗೆ ಏನೂ ಹೇಳುತ್ತಿಲ್ಲ, ಮಳೆಯ ಬಗ್ಗೆ ಹೇಳುತ್ತಿದೆ. ಫಾರ್ಮ್‌ನಲ್ಲಿ ನೀರಿನ ಮಟ್ಟ, ಹಿಂದಿನ ದಿನದ ಮಳೆ ಅಂತ ಕಾಲಂ ಇರಬೇಕಲ್ಲ?

ಮಂಜುಹಾದಿ:
ಇದೆ ಅಕ್ಕಾ. ಅದನ್ನು ನಾನು 'ಹವಾಮಾನ ಇಲಾಖೆಯವರು ಬರೆದುಕೊಳ್ಳಲಿ' ಅಂತ ತಮಾಷೆ ಮಾಡಿ ಬಿಟ್ಟಿದ್ದೆ.

ನೆಲಗಪ್ಪೆ:
😐

ಟ್ರಿಪಾಡ್:
ಎಲ್ಲರೂ ಲೆಕ್ಕದಲ್ಲೇ ಮುಳುಗಿದ್ದೀರಿ. ನಾನೊಂದು ಬೇರೆ ಮಾತು ಹೇಳುತ್ತೇನೆ, ಬೈಬೇಡಿ. ಬೆಳಗ್ಗೆ ನಾಲ್ಕಕ್ಕೆ ಎದ್ದು, ಸಂಬಳ ಇಲ್ಲದೆ, ಏನೂ ಕಾಣದೆ ವಾಪಸ್ ಬರುವ ಕೆಲಸವನ್ನು ಜನ ಯಾಕೆ ಮಾಡಬೇಕು? ನಾನು ಎರಡು ವಸಂತ ಮಾಡಿದೆ, ಬಿಟ್ಟೆ. ಈಗ ಕ್ಯಾಮೆರಾ ಹಿಡಿದು ನನ್ನಿಷ್ಟ ಬಂದ ಕಡೆ ಹೋಗುತ್ತೇನೆ. ವಸಂತ ಅಂದರೆ ಗೂಡು, ಮರಿ, ಬಣ್ಣ. ಅದನ್ನು ನೋಡುವುದು ಬಿಟ್ಟು ಬಂಡೆ ಮೂಸಿಕೊಂಡು ಓಡಾಡುವುದು ನನಗೆ ಆಗಲ್ಲ. ನನ್ನ ಫೋಟೋಗಳಿಂದಲೂ ಸಂರಕ್ಷಣೆಗೆ ಉಪಯೋಗ ಇದೆ ಅಲ್ವಾ?

ಗೂಬೆಕಣ್ಣು:
ಟ್ರಿಪಾಡ್ ಅವರೇ, ಬಯ್ಯಲ್ಲ. ಫೋಟೋದಿಂದ ಉಪಯೋಗ ಖಂಡಿತ ಇದೆ. ಒಂದು ಹಕ್ಕಿ ಅಲ್ಲಿ ಇತ್ತು ಅನ್ನುವುದಕ್ಕೆ ಫೋಟೋಗಿಂತ ಸಾಕ್ಷಿ ಇಲ್ಲ. ಆದರೆ 'ಹೆಚ್ಚಾಯಿತಾ ಕಡಿಮೆಯಾಯಿತಾ' ಅಂತ ಕೇಳಿದರೆ ಫೋಟೋ ಬಾಯಿ ಬಿಡಲ್ಲ. ಚಂದ ಕಂಡದ್ದನ್ನು ಮಾತ್ರ ತೆಗೆದಿರುತ್ತೀರಿ. ಕಾಗೆಯ ಫೋಟೋ ಎಷ್ಟಿದೆ ನಿಮ್ಮ ಹತ್ತಿರ?

ಟ್ರಿಪಾಡ್:
ಎರಡು. ಅದರಲ್ಲೊಂದು ತಪ್ಪಿ ಕ್ಲಿಕ್ ಆಗಿದ್ದು.

ಪಾತರಗಿತ್ತಿ:
ಹ ಹ. ನಾನು ಚಿಟ್ಟೆ ಎಣಿಸುತ್ತೇನೆ. ಟ್ರಿಪಾಡ್ ಕೇಳಿದ 'ಯಾಕೆ ಮಾಡಬೇಕು' ಅನ್ನುವುದಕ್ಕೆ ನನಗೆ ಗೊತ್ತಿರುವ ಒಂದು ಕಥೆ ಹೇಳುತ್ತೇನೆ.

ಜರ್ಮನಿಯ ಕ್ರೆಫೆಲ್ಡ್ ಅನ್ನುವ ಊರಿನಲ್ಲಿ ಕೀಟಪ್ರಿಯರ ಒಂದು ಸಂಘ ಇದೆ. ಹೆಚ್ಚಿನವರು ಹವ್ಯಾಸಿಗಳು. 1989ರಿಂದ ಸಂರಕ್ಷಿತ ಜಾಗಗಳಲ್ಲಿ ಡೇರೆಯಂಥ ಬಲೆ ಕಟ್ಟಿ, ಬಿದ್ದ ಹುಳುಗಳನ್ನು ಬಾಟಲಿಗೆ ತುಂಬಿ, ತೂಕ ಮಾಡಿ, ಬರೆದಿಟ್ಟರು. ಅದೇ ಥರದ ಬಲೆ, ಅದೇ ವಿಧಾನ, ವರ್ಷಗಟ್ಟಲೆ. ಅಪರೂಪದ ಹುಳು ಬಿತ್ತಾ ಅಂತ ಮಾತ್ರ ನೋಡಲಿಲ್ಲ, ಎಲ್ಲದರ ತೂಕ. 63 ಜಾಗಗಳ 27 ವರ್ಷದ ಲೆಕ್ಕ 2017ರಲ್ಲಿ ಪ್ರಕಟವಾಯಿತು. ಹಾರುವ ಕೀಟಗಳ ಒಟ್ಟು ತೂಕ ಮುಕ್ಕಾಲು ಪಾಲಿಗಿಂತ ಜಾಸ್ತಿ ಇಳಿದಿತ್ತು. ಅದೂ ಸಂರಕ್ಷಿತ ಜಾಗಗಳಲ್ಲಿ! ಇಡೀ ಜಗತ್ತು ಬೆಚ್ಚಿಬಿತ್ತು. ಆ ಬಾಟಲಿಗಳಲ್ಲಿ ಒಂದೊಂದನ್ನೇ ನೋಡಿದರೆ ಏನಿತ್ತು? ನೊಣ, ಸೊಳ್ಳೆ, ಕಣಜ. ಬೇಜಾರಿನ ಸಾಮಾನು.

ಇದು ಕಥೆ ಕೇಳಲಿಕ್ಕೆ ಚಂದ. ನಾನು ಮಾತ್ರ ಅಷ್ಟು ದೊಡ್ಡ ಮನಸ್ಸಿನವಳಲ್ಲ. ಬಿಸಿಲಿನಲ್ಲಿ ನಡೆಯುವುದು ಇಷ್ಟ, ಅದಕ್ಕೆ ಹೋಗುತ್ತೇನೆ.

ಸುಮ್ನೆಕೇಳ್ದೆ:
ಚಿಟ್ಟೆ ಹೇಗೆ ಎಣಿಸುತ್ತೀರಿ ಮೇಡಂ? ಅವು ಹಾರಾಡುತ್ತಲೇ ಇರುತ್ತವಲ್ಲ, ಒಂದನ್ನೇ ಹತ್ತು ಸಲ ಎಣಿಸಿಬಿಟ್ಟರೆ?

ಪಾತರಗಿತ್ತಿ:
ಎಣಿಸಿಬಿಡುತ್ತೇವೆ ಒಮ್ಮೊಮ್ಮೆ. ಅದಕ್ಕೇ ಕಟ್ಟುಪಾಡು ಇರುವುದು. ಇಂಗ್ಲೆಂಡಿನ ಪೊಲಾರ್ಡ್ ಅನ್ನುವವರು 1970ರ ದಶಕದಲ್ಲಿ ಮಾಡಿದ ಕ್ರಮ ಇದು. ಗೊತ್ತುಮಾಡಿದ ಹಾದಿಯಲ್ಲಿ ಒಂದೇ ವೇಗದಲ್ಲಿ ನಡೀಬೇಕು. ನಿಮ್ಮ ಎಡಕ್ಕೆ ಎರಡೂವರೆ ಮೀಟರ್, ಬಲಕ್ಕೆ ಎರಡೂವರೆ, ಮುಂದಕ್ಕೆ ಐದು. ಕಣ್ಣಿಗೆ ಕಾಣದ ಒಂದು ಪೆಟ್ಟಿಗೆಯನ್ನು ಹೊತ್ತುಕೊಂಡು ನಡೆದ ಹಾಗೆ. ಪೆಟ್ಟಿಗೆಯೊಳಗೆ ಬಂದದ್ದಷ್ಟೇ ಲೆಕ್ಕ. ಆರನೇ ಮೀಟರಿನಲ್ಲಿ ನೀವು ಜೀವಮಾನದಲ್ಲಿ ನೋಡದ ಚಿಟ್ಟೆ ಕೂತಿದ್ದರೂ ಅದು ಲೆಕ್ಕಕ್ಕಿಲ್ಲ. ಹಿಂದೆ ತಿರುಗಿ ನೋಡುವ ಹಾಗಿಲ್ಲ.

ಬ್ರಿಟನ್ನಿನಲ್ಲಿ 1976ರಿಂದ ಹೀಗೆ ನಡೆಯುತ್ತಿದ್ದಾರೆ. ಏಪ್ರಿಲ್ ಮೊದಲಿಂದ ಸೆಪ್ಟೆಂಬರ್ ಕೊನೆವರೆಗೆ 26 ವಾರ. ಅವರದು ಚಳಿ ಸೀಮೆ, ಅದಕ್ಕೆ 13 ಡಿಗ್ರಿಗಿಂತ ಕಡಿಮೆ ಇದ್ದರೆ ನಡೆಯುವುದೇ ಬೇಡ ಅಂತ ನಿಯಮ. 13ರಿಂದ 17ರ ನಡುವೆ ಇದ್ದರೆ ಶೇಕಡಾ 60ರಷ್ಟು ಹೊತ್ತಾದರೂ ಬಿಸಿಲು ಬೇಕು. ಚಿಟ್ಟೆಗೆ ಮೈ ಕಾಯದಿದ್ದರೆ ಹಾರಲ್ಲ. ಹಾರದ ದಿನ ಎಣಿಸಿದರೆ ಸೊನ್ನೆ ಬರುತ್ತೆ, ಅದು ಕೆಟ್ಟ ಸೊನ್ನೆ.

ಲೆಕ್ಕದಮೇಷ್ಟ್ರು:
'ಕೆಟ್ಟ ಸೊನ್ನೆ'. ಈ ಮಾತನ್ನು ಕದ್ದುಕೊಳ್ಳುತ್ತೇನೆ ಮೇಡಂ.

ಬೂಟುಮಣ್ಣು:
ಕೆಟ್ಟ ಸೊನ್ನೆಗೆ ರಾಜ ನಾನು, ಕೇಳಿ. ಕ್ಯಾಮೆರಾ ಟ್ರ್ಯಾಪ್, ಅಂದರೆ ಮುಂದೆ ಪ್ರಾಣಿ ಹಾದರೆ ತಾನಾಗಿ ಕ್ಲಿಕ್ ಆಗುವ ಕ್ಯಾಮೆರಾ, ಕಟ್ಟುವ ಕೆಲಸ ಕೊಟ್ಟಿದ್ದರು. ಚಳಿಗಾಲದ ಕೊನೆಗೆ ಮರಕ್ಕೆ ಮೊಣಕಾಲೆತ್ತರದಲ್ಲಿ ಕಟ್ಟಿ ಬಂದೆ. ವಸಂತದ ಮಧ್ಯದಲ್ಲಿ ಕಾರ್ಡ್ ತೆಗೆದು ನೋಡಿದರೆ ನಾಲ್ಕು ಸಾವಿರ ಫೋಟೋ! ಹಿಗ್ಗೋ ಹಿಗ್ಗು. ಮನೆಗೆ ಬಂದು ತೆರೆದರೆ ನಾಲ್ಕು ಸಾವಿರವೂ ಹುಲ್ಲು. ಕಟ್ಟುವಾಗ ನೆಲ ಬೋಳಾಗಿತ್ತು. ಆಮೇಲೆ ಹುಲ್ಲು ಚಿಗುರಿ, ಬಿಸಿಲಿಗೆ ಕಾದು, ಗಾಳಿಗೆ ಅಲ್ಲಾಡಿದಾಗಲೆಲ್ಲ ಕ್ಯಾಮೆರಾ ಕ್ಲಿಕ್ ಮಾಡಿದೆ. ಹನ್ನೆರಡನೇ ದಿನಕ್ಕೆ ಕಾರ್ಡ್ ತುಂಬಿ ನಿಂತೇಹೋಗಿದೆ. ಇನ್ನುಳಿದ ಮೂವತ್ತು ದಿನ ಅಲ್ಲಿ ಆನೆ ಮದುವೆ ಆಗಿದ್ದರೂ ನಮಗೆ ಗೊತ್ತಿಲ್ಲ.

ಆ ಮೂವತ್ತು ದಿನವನ್ನು 'ಪ್ರಾಣಿ ಬರಲಿಲ್ಲ' ಅಂತ ಬರೆದರೆ ಅದು ಸುಳ್ಳು. 'ಕ್ಯಾಮೆರಾ ಕೆಲಸ ಮಾಡಲಿಲ್ಲ' ಅಂತ ಬರೀಬೇಕು. ಎರಡಕ್ಕೂ ಅಜಗಜಾಂತರ. ಮಂಜುಹಾದಿಯವರ ಕಥೆ ಇದರ ತಿರುಗಾಮುರುಗಾ. ಕ್ಯಾಮೆರಾ ಕೆಲಸ ಮಾಡಿದೆ, ಆದರೆ ಕೆಟ್ಟಿತ್ತು ಅಂತ ಬರೆದುಕೊಂಡಿದ್ದಾರೆ.

ಹೊಸಬರಿಗೆ: ವಸಂತದಲ್ಲಿ ಕ್ಯಾಮೆರಾ ಮುಂದಿನ ಹುಲ್ಲು ಕೊಯ್ಯಿರಿ. ಗಡಿಯಾರ ಸರಿ ಇದೆಯಾ ಅಂತ ಎರಡು ಸಲ ನೋಡಿ. ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಮುಖ ಮಾಡಬೇಡಿ. ಹೊರಡುವ ಮುಂಚೆ ಅದರ ಮುಂದೆ ನಾಲ್ಕು ಕಾಲಲ್ಲಿ ನಡೆದು ತೋರಿಸಿ. ನಾಚಿಕೆ ಬೇಡ, ಎಲ್ಲರೂ ಮಾಡುತ್ತಾರೆ.

ಸುಮ್ನೆಕೇಳ್ದೆ:
ನನ್ನ ಮಗಳಿಗೆ ಹನ್ನೊಂದು ವರ್ಷ. ಅವಳನ್ನೂ ಕರೆದುಕೊಂಡು ಹೋಗಬಹುದಾ? ಇನ್ನೊಂದು, ದಾರಿಯಲ್ಲಿ ಒಂಟಿ ಜಿಂಕೆ ಮರಿ ಸಿಕ್ಕರೆ ಏನು ಮಾಡಬೇಕು? ಹೋದ ವಾರ ಅವಳಿಗೆ ಒಂದು ಕಂಡಿತು, ತಾಯಿ ಇಲ್ಲ ಅಂತ ಅತ್ತುಬಿಟ್ಟಳು.

ನೆಲಗಪ್ಪೆ:
ಮುಟ್ಟಬೇಡಿ, ಎತ್ತಬೇಡಿ, ಪಕ್ಕದಲ್ಲಿ ಕಾಯುತ್ತಲೂ ನಿಲ್ಲಬೇಡಿ. ಮರಿಯನ್ನು ಪೊದೆಯಲ್ಲಿ ಬಚ್ಚಿಟ್ಟು ತಾಯಿ ದೂರದಲ್ಲಿ ಮೇಯುತ್ತಿರುತ್ತೆ. ಸದ್ದಿಲ್ಲದೆ ಮುದುರಿ ಮಲಗಿರುವುದೇ ಆ ಮರಿಯ ರಕ್ಷಣೆ. ನೀವು ನಿಂತಿರುವವರೆಗೆ ತಾಯಿ ಹತ್ತಿರ ಬರಲ್ಲ. ಗಾಯ ಆಗಿದ್ದರೆ, ಅಥವಾ ಪಕ್ಕದಲ್ಲೇ ತಾಯಿ ಸತ್ತು ಬಿದ್ದಿದ್ದರೆ ಸಿಬ್ಬಂದಿಗೆ ಫೋನ್ ಮಾಡಿ.

ಮಗಳ ವಿಷಯ: ಅಲ್ಲಿನವರು ಒಪ್ಪಿದರೆ ಖಂಡಿತ ಕರೆದುಕೊಂಡು ಹೋಗಿ. ಮಕ್ಕಳ ಕಣ್ಣು ನೆಲಕ್ಕೆ ಹತ್ತಿರ ಇರುತ್ತೆ. ನನ್ನ ಜೊತೆ ಬರುವ ಒಬ್ಬ ಹುಡುಗ ನನಗಿಂತ ಜಾಸ್ತಿ ಮೊಟ್ಟೆ ಗೊಂಚಲು ಹುಡುಕುತ್ತಾನೆ. ಒಂದು ಮಾತ್ರ ನೆನಪಿರಲಿ. ಒಂದು ಕುಂಟೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬೂಟು ಉಜ್ಜಿ ತೊಳೆದು ಒಣಗಿಸಬೇಕು. ಕೈಟ್ರಿಡ್ ಅನ್ನುವ ಶಿಲೀಂಧ್ರ ಒದ್ದೆ ಮಣ್ಣಿನ ಜೊತೆ ಅಂಟಿಕೊಂಡು ಹೋಗುತ್ತೆ. ಎಷ್ಟೋ ದೇಶಗಳಲ್ಲಿ ಕಪ್ಪೆಗಳನ್ನು ನಿರ್ನಾಮ ಮಾಡಿದೆ ಅದು. ಕಪ್ಪೆ ಉಳಿಸಲು ಹೋಗಿ ನಾವೇ ರೋಗ ಹಂಚಿ ಬರಬಾರದು.

ಟ್ರಿಪಾಡ್:
ಗೂಡಿನ ಹತ್ತಿರ ಹೋಗುವುದರ ಬಗ್ಗೆ ಏನಂತೀರಿ? ಮನುಷ್ಯ ಮುಟ್ಟಿದ ವಾಸನೆಗೆ ಹಕ್ಕಿ ಗೂಡು ಬಿಡುತ್ತೆ ಅಂತಾರೆ. ಅದು ಸುಳ್ಳು ಅಂತಲೂ ಓದಿದ್ದೇನೆ.

ಗೂಬೆಕಣ್ಣು:
ವಾಸನೆಯ ಮಾತು ಸುಳ್ಳೇ. ಆದರೆ ಅದನ್ನೇ ಪರವಾನಗಿ ಮಾಡಿಕೊಳ್ಳಬೇಡಿ. ತೊಂದರೆ ವಾಸನೆಯಿಂದ ಅಲ್ಲ, ನೀವು ಅಲ್ಲಿ ನಿಲ್ಲುವುದರಿಂದ.

ಟಿಟ್ಟಿಭ ನೋಡಿದ್ದೀರಲ್ಲ? ಬರೀ ನೆಲದ ಮೇಲೆ, ಕಲ್ಲುಗಳ ನಡುವೆ, ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಮೊಟ್ಟೆಯೂ ಕಲ್ಲಿನಂತೆಯೇ. ಹೋದ ವಸಂತ ನನ್ನ ಹಾದಿಯ ಪಕ್ಕದಲ್ಲೇ ಒಂದು ಜೋಡಿ ಕೂತಿತ್ತು. ನಾನು ಬಂದದ್ದು ಕಂಡ ಕೂಡಲೇ ಒಂದು ಎದ್ದು ಕಿರುಚುತ್ತಾ ತಲೆ ಮೇಲೆ ಸುತ್ತು ಹಾಕುತ್ತಿತ್ತು, ಇನ್ನೊಂದು ಸದ್ದಿಲ್ಲದೆ ದೂರ ನಡೆದುಹೋಗುತ್ತಿತ್ತು. ನಾನು ನಿಲ್ಲದೆ ದಾಟಿದರೆ ಎರಡು ನಿಮಿಷದಲ್ಲಿ ವಾಪಸ್. ಒಂದು ದಿನ ಯಾರೋ ಫೋಟೋ ತೆಗೆಯಲು ಮುಕ್ಕಾಲು ಗಂಟೆ ಅಲ್ಲೇ ಕೂತರು. ಬಿಸಿಲೇರಿತ್ತು. ತೆರೆದ ನೆಲದ ಮೊಟ್ಟೆಗೆ ನೆರಳು ಅಂದರೆ ತಾಯಿಯ ಮೈ ಮಾತ್ರ. ಮೇಲಿನ ಕೊಂಬೆಯಲ್ಲಿ ಕಾಗೆಗಳು ಎರಡು, ಟ್ರಿಪಾಡ್ ಅವರು ಫೋಟೋ ತೆಗೆಯದ ಕಾಗೆಗಳು, ಎಲ್ಲ ನೋಡುತ್ತಾ ಕೂತಿದ್ದವು. ಮಾರನೇ ವಾರ ಗೂಡಿನಲ್ಲಿ ಚಿಪ್ಪಿನ ಚೂರು.

ಕಾಗೆ ತಿಂದದ್ದಕ್ಕೆ ಅವರೇ ಕಾರಣ ಅಂತ ನಾನು ಸಾಧಿಸಲಾರೆ. ಆದರೆ ನನಗೆ ಅನುಮಾನ ಇಲ್ಲ.

ಟ್ರಿಪಾಡ್:
ಅರ್ಥವಾಯಿತು. ನಾನು ಅಷ್ಟು ಹೊತ್ತು ಕೂತಿಲ್ಲ ಯಾವತ್ತೂ, ಆದರೆ ಇಪ್ಪತ್ತು ನಿಮಿಷ ಕೂತಿದ್ದೇನೆ. ಗೂಡಿನ ಫೋಟೋ ಜೊತೆ ಜಾಗ ಹಾಕಿದ್ದೂ ಇದೆ. ತೆಗೆದುಹಾಕುತ್ತೇನೆ.

ಗೂಬೆಕಣ್ಣು:
ದೊಡ್ಡ ಮಾತು ಸರ್. ಹಾಗೇ ಫೋನಿನಲ್ಲಿ ಹಕ್ಕಿ ಕೂಗು ಹಾಕಿ ಕರೆಯುವುದನ್ನೂ ವಸಂತದಲ್ಲಿ ಬಿಟ್ಟುಬಿಡಿ. ಗಂಡು ಹಕ್ಕಿ ಎದುರಾಳಿ ಬಂದ ಅಂತ ಮಾಡುತ್ತಿದ್ದ ಕೆಲಸ ಬಿಟ್ಟು ಓಡಿಬರುತ್ತೆ.

ಈಗ ಮಂಜುಹಾದಿಯವರ ಐದು ಫಾರ್ಮ್‌ಗೆ ಬರೋಣ. ಬೆಳಗ್ಗೆ ಅರ್ಧಕ್ಕೇ ಬಿಟ್ಟಿದ್ದೆ. ನೆನಪಿನಿಂದ ತುಂಬಬೇಡಿ ಅಂದೆ. ಯಾಕೆ ಅಂದರೆ ನಿಮಗೆ ನೆನಪಿರುವುದು 'ಏನೂ ಸಿಗಲಿಲ್ಲ' ಅನ್ನುವ ಬೇಜಾರು ಮಾತ್ರ. ಎಷ್ಟು ಗಂಟೆಗೆ ಹೊರಟಿರಿ, ನೀರು ಎಷ್ಟಿತ್ತು, ಇಪ್ಪತ್ತೂ ಜಾಗದಲ್ಲಿ ನಿಂತಿರಾ, ಹದಿನೈದಕ್ಕೇ ಸಾಕು ಅನ್ನಿಸಿ ತಿರುಗಿದಿರಾ? ನಿಜ ಹೇಳಿ.

ಮಂಜುಹಾದಿ:
ಒಂದು ವಾರ ಹದಿನಾಲ್ಕಕ್ಕೇ ತಿರುಗಿದೆ. ಮಳೆ ಶುರುವಾಗಿತ್ತು. ಯಾವ ವಾರ ಅಂತ ನೆನಪಿಲ್ಲ.

ಗೂಬೆಕಣ್ಣು:
ನೋಡಿದಿರಾ.

ಲೆಕ್ಕದಮೇಷ್ಟ್ರು:
ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಪೂರ್ತಿ ಕೈಬಿಡುವ ಮುಂಚೆ ಫೋನ್ ನೋಡಿ. ಆ ದಿನಗಳಲ್ಲಿ ಏನಾದರೂ ಫೋಟೋ ತೆಗೆದಿದ್ದರೆ ಅದರಲ್ಲಿ ದಿನಾಂಕ, ಗಂಟೆ ಇರುತ್ತೆ. ಮೊದಲ ಜಾಗದಿಂದ ಇಪ್ಪತ್ತನೇ ಜಾಗದವರೆಗೆ ಹೋದದ್ದಕ್ಕೆ ಗುರುತು ಸಿಕ್ಕರೆ, ಆ ವಾರದ ಫಾರ್ಮ್ ಕಳಿಸಿ. ಮೇಲೆ ದೊಡ್ಡದಾಗಿ 'ತಡವಾಗಿ ಬರೆದದ್ದು, ಆಧಾರ ಫೋಟೋ' ಅಂತ ಹಾಕಿ. ಒಟ್ಟು ಮಾಡುವವರು ಬೇಕಾದರೆ ತೆಗೆದುಕೊಳ್ಳುತ್ತಾರೆ, ಬೇಡದಿದ್ದರೆ ಬಿಡುತ್ತಾರೆ. ಆಧಾರ ಇಲ್ಲದ ವಾರ ಖಾಲಿ ಇರಲಿ. ಖಾಲಿಯೂ ಸೊನ್ನೆಯೂ ಒಂದೇ ಅಲ್ಲ. ಖಾಲಿ ಅಂದರೆ ಗೊತ್ತಿಲ್ಲ, ಸೊನ್ನೆ ಅಂದರೆ ಹುಡುಕಿದೆ.

ಗೂಬೆಕಣ್ಣು:
ಆಧಾರ ಇದ್ದರೆ ನನ್ನ ತಕರಾರಿಲ್ಲ. ಆದರೆ ಎಲ್ಲರಿಗೂ ಇದನ್ನು ರೂಢಿ ಮಾಡಿಸಬೇಡಿ ಮೇಷ್ಟ್ರೇ. ಆಮೇಲೆ ವರ್ಷದ ಕೊನೆಗೆ ಎಲ್ಲರೂ ಫೋಟೋ ಹುಡುಕಿಕೊಂಡು ಕೂರುತ್ತಾರೆ.

ಮಂಜುಹಾದಿ (ಎರಡು ದಿನ ಬಿಟ್ಟು):
ಫೋನ್ ಜಾಲಾಡಿದೆ. ಐದರಲ್ಲಿ ಮೂರು ವಾರಕ್ಕೆ ಆಧಾರ ಸಿಕ್ಕಿತು. ನನಗೊಂದು ಚಟ ಇದೆ, ಏಳನೇ ಬಂಡೆ ಹತ್ತಿರ ಹೋದಾಗಲೆಲ್ಲ ಫೋಟೋ ತೆಗೆಯುವುದು. ಮೊದಲ ದಿನದ ಖುಷಿಗೆ. ಇಪ್ಪತ್ತನೇ ಜಾಗದಲ್ಲಿ ಬಿದ್ದ ಮರ ಒಂದಿದೆ, ಅಲ್ಲಿ ಕೂತು ದಣಿವಾರಿಸಿಕೊಳ್ಳುವಾಗ ಇನ್ನೊಂದು ಫೋಟೋ. ಮೂರು ವಾರಕ್ಕೆ ಎರಡೂ ಇವೆ. ಒಂದು ವಾರ ಏಳನೆಯದು ಮಾತ್ರ ಇದೆ, ಬಹುಶಃ ಮಳೆಗೆ ತಿರುಗಿದ ದಿನ ಅದೇ. ಇನ್ನೊಂದಕ್ಕೆ ಏನೂ ಇಲ್ಲ. ಉಸ್ತುವಾರಿಯವರಿಗೆ ಫೋನ್ ಮಾಡಿ ಉಳಿಸದೆ ಎಲ್ಲ ಹೇಳಿದೆ. ಮೂರು ಕಳಿಸಿ, ಎರಡು ಬಿಡಿ ಅಂದರು. ಮುಂದಿನ ವಸಂತಕ್ಕೂ ಹಾದಿ ನನ್ನದೇ.

ಆದರೆ ಒಂದು ಎಡವಟ್ಟು. ಆ ಮೂರು ಫೋಟೋಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಎರಡನೆಯದರಲ್ಲಿ, ಬಂಡೆಯ ಆಚೆ ಬದಿಯಲ್ಲಿ, ನೀರಿಗೆ ತಾಗಿದ ಕಡೆ ಒಂದು ಕಪ್ಪು ಕಲೆ ಇದೆ. ಇಲ್ಲಿ ಹಾಕಿದ್ದೇನೆ. ನಿಮಗೆ ಏನನ್ನಿಸುತ್ತೆ?

ನೆಲಗಪ್ಪೆ:
ದೊಡ್ಡದು ಮಾಡಿ ನೋಡಿದೆ. ಕಪ್ಪಗೆ, ಹಸಿಯಾಗಿ, ಟಾರಿನಂತೆ ಇದೆ. ಹೊಸ ಹಿಕ್ಕೆ ಇದ್ದ ಹಾಗಿದೆಯಲ್ಲ ಮಾರಾಯ್ರೇ! ನೀವು ಒಣಗಿ ಬೂದಿಯಾದದ್ದನ್ನೇ ಹುಡುಕುತ್ತಿದ್ದಿರಿ. ಹಸಿಯದ್ದು ಹೀಗೇ ಇರುತ್ತೆ.

ಬೂಟುಮಣ್ಣು:
ಅಯ್ಯೋ, ಅದರ ಮೇಲೇ ನಿಂತು ಫೋಟೋ ತೆಗೆದಿದ್ದೀರಿ.

ಮಂಜುಹಾದಿ:
ಅಂದರೆ ಆ ವಾರ ಸೊನ್ನೆ ಅಲ್ಲ! ಮೇಷ್ಟ್ರೇ, ಫಾರ್ಮ್ ತಿದ್ದಲಾ? ಹನ್ನೊಂದಕ್ಕೆ ಏಳು ಅಂತ?

ಲೆಕ್ಕದಮೇಷ್ಟ್ರು:
ತಿದ್ದಬೇಡಿ. ಆ ದಿನ ಆ ಬಂಡೆ ಹತ್ತಿರ ನಿಂತು ನೀವು ಹುಡುಕಿದಿರಿ, ನಿಮಗೆ ಸಿಗಲಿಲ್ಲ. ಅದು ಹಾಗೇ ಇರಲಿ. ಷರಾ ಕಾಲಂನಲ್ಲಿ ಫೋಟೋ ವಿಷಯ ಬರೆದು ಫೋಟೋ ಲಗತ್ತಿಸಿ. ನೀವು ಫೋಟೋ ತೆಗೆಯುವುದು ಏಳನೇ ಬಂಡೆ, ಇಪ್ಪತ್ತನೇ ಜಾಗದಲ್ಲಿ ಮಾತ್ರ, ಬೇರೆ ಹದಿನೆಂಟಕ್ಕೆ ಇಲ್ಲ. ಒಂದೆರಡಕ್ಕೆ ಮಾತ್ರ ಎರಡನೇ ಸಲ ನೋಡುವ ಅವಕಾಶ ಕೊಟ್ಟರೆ ಲೆಕ್ಕ ಮತ್ತೆ ವಾಲುತ್ತೆ.

ಬೇಜಾರು ಮಾಡಿಕೊಳ್ಳಬೇಡಿ, ಇದು ನಿಮ್ಮೊಬ್ಬರ ಕಥೆ ಅಲ್ಲ. ಉತ್ತರ ಅಮೆರಿಕದಲ್ಲಿ 1966ರಿಂದ ನಡೆಯುತ್ತಿರುವ ಸಂತಾನಕಾಲದ ಹಕ್ಕಿ ಗಣತಿ ಇದೆ. ಒಂದು ಹಾದಿಗೆ 50 ನಿಲುಗಡೆ, ಒಂದೊಂದರಲ್ಲಿ ಮೂರು ನಿಮಿಷ. ಅಲ್ಲಿ ಒಬ್ಬರು ಒಂದು ಹಾದಿಯಲ್ಲಿ ಮೊದಲ ವರ್ಷ ಎಣಿಸಿದಾಗ ಮುಂದಿನ ವರ್ಷಗಳಿಗಿಂತ ಕಡಿಮೆ ಹಕ್ಕಿ ಬರೆಯುತ್ತಾರೆ ಅಂತ ಲೆಕ್ಕದಲ್ಲೇ ಕಂಡುಬಂದಿದೆ. ಹಕ್ಕಿ ಕಡಿಮೆ ಇರಲ್ಲ, ಕಣ್ಣು ಕಿವಿ ಇನ್ನೂ ಪಳಗಿರಲ್ಲ. ಅದಕ್ಕೇ ಮೊದಲ ವರ್ಷದ ಎಣಿಕೆ ಅಂತ ಬೇರೆ ಗುರುತು ಹಾಕಿ ಲೆಕ್ಕ ಮಾಡುತ್ತಾರೆ. ನಿಮ್ಮ ಫಾರ್ಮ್‌ನಲ್ಲಿ 'ಸ್ವಯಂಸೇವಕರ ಅನುಭವ: 0 ವರ್ಷ' ಅಂತ ಒಂದು ಕಾಲಂ ಇರಬೇಕು ನೋಡಿ.

ಮಂಜುಹಾದಿ:
ಇದೆ. ಅದನ್ನೂ ತುಂಬಿರಲಿಲ್ಲ. ನಾಚಿಕೆಯಾಗಿತ್ತು.

ಪಾತರಗಿತ್ತಿ:
ಒಟ್ಟಿನಲ್ಲಿ ಸೊನ್ನೆ ಕಂಡರೆ ಆಗದವರು ನೀವು 😂

ಮಂಜುಹಾದಿ (ಮುಂದಿನ ವಾರ):
ಇವತ್ತು ಹನ್ನೆರಡನೇ ವಾರ, ಈ ಸಲದ ಕೊನೆಯದು. 6:05ಕ್ಕೆ ಶುರು, 8:40ಕ್ಕೆ ಮುಗಿಯಿತು. ನಿನ್ನೆ ಮಳೆ ಇಲ್ಲ, ನೀರು ಗುರುತಿನ ಕಲ್ಲಿಗಿಂತ ಒಂದು ಗೇಣು ಕೆಳಗೆ. ಏಳನೇ ಬಂಡೆಯನ್ನು ಈ ಸಲ ಸುತ್ತು ಬಂದು ನೋಡಿದೆ, ನೀರಿನ ಬದಿಗೆ ಬಗ್ಗಿ ಕೂಡ. ಪ್ಯಾಂಟು ಒದ್ದೆ. ಏನೂ ಇಲ್ಲ. ಇಪ್ಪತ್ತು ಜಾಗ, ಇಪ್ಪತ್ತು ಸೊನ್ನೆ, ಒಂದೊಂದನ್ನೂ ಅಲ್ಲೇ ನಿಂತು ಬರೆದೆ. ಅನುಭವ 0 ಅಂತಲೂ ಹಾಕಿ ಕಳಿಸಿದೆ.

ಸುಮ್ನೆಕೇಳ್ದೆ:
ಫೋಟೋ ತೆಗೆದಿರಾ ಸರ್, ಏಳನೇ ಬಂಡೇದು?

ಮಂಜುಹಾದಿ:
ಇಲ್ಲ. ತೆಗೆಯುವುದಾದರೆ ಇಪ್ಪತ್ತಕ್ಕೂ ತೆಗೀಬೇಕು ಅಂತ ಮೇಷ್ಟ್ರು ಹೆದರಿಸಿದ್ದಾರೆ.